ಮಿರಗದ ಮೊದಲ ನೀರು

ಮಿರಗದ ಮಳೆಯನ್ನು ಬೆನ್ನು ಕೊಟ್ಟು ತಡೆದು ನಿಲ್ಲಿಸಿದ ಗಂಡಸು ಇಡೀ ಹೈದರಾಬಾದಿನಲ್ಲಿ ಒಬ್ಬನೇ. ಅವನು ನಾನು, ಆಳಂದದ ಅಂಬಾದಾಸ. ಮೃಗಶಿರಾ ಮಳೆಗೆ ನಮ್ಮ ಕಡೆ ಮಿರಗ ಎನ್ನುತ್ತೇವೆ. ಆ ಸಂಜೆ ಗಚ್ಚಿಬೌಲಿಯ ಕಾರುಗಳು ಎಮ್ಮೆಗಳಂತೆ ಮೂಗು ಮಾತ್ರ ಮೇಲಿಟ್ಟು ಈಜುತ್ತಿದ್ದವು. ಲಿಂಗಂಪಲ್ಲಿಯ ರೈಲು ದೋಣಿಯಂತೆ ಹುಟ್ಟು ಹಾಕಿಕೊಂಡು ಹೋಯಿತು. ನಮ್ಮ ಕಾರ್ಖಾನೆಯ ಗೋಡೆಯನ್ನು ಮಾತ್ರ ಒಂದು ಹನಿಯೂ ದಾಟಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಬಳಿ ನಾನು ಹೀಗೆಂದಾಗ ಎಲ್ಲರೂ ನಕ್ಕರು. ಅಪೂರ್ವ ಮೇಡಂ ನಗಲಿಲ್ಲ. ಮೈಸೂರಿನವರು, ನಮ್ಮ ಬಣ್ಣದ ಕಾರ್ಖಾನೆಯ ಸುರಕ್ಷತೆ ನೋಡಿಕೊಳ್ಳುವವರು.

ಅವರು ನಗದಿರಲು ಕಾರಣವಿತ್ತು. ನಮ್ಮ ಅಂಗಳದಲ್ಲಿ ಬೇಸಿಗೆಯೆಲ್ಲ ಡ್ರಮ್ಮುಗಳು ಬಿದ್ದಿರುತ್ತವೆ. ಉದುರಿದ ಬಣ್ಣದ ಪುಡಿ, ಸೋರಿದ ಎಣ್ಣೆ ಎಲ್ಲ ನೆಲಕ್ಕೆ ಮೆತ್ತಿರುತ್ತದೆ. ಮೊದಲ ಮಳೆ ಅದಷ್ಟನ್ನೂ ತೊಳೆದು ಮೋರಿಗೆ ತರುತ್ತದೆ. ಮೋರಿ ಗೋಡೆಯ ಕೆಳಗೆ ಹಾದು ಆಚೆಯ ಕುಂಟೆಗೆ, ಅಂದರೆ ಸಣ್ಣ ಕೆರೆಗೆ, ಸೇರುತ್ತದೆ. ಹೋದ ವರ್ಷ ಮೊದಲ ಮಳೆಯಾದ ಮೇಲೆ ಆ ನೀರು ಕುಡಿದ ಸುಗಲಮ್ಮಕ್ಕನ ಎಮ್ಮೆಕರು ನೊರೆ ಕಾರಿ ಸತ್ತಿತು. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವಳು ಅವಳು. ರಟ್ಟೆ ಸೋತ ಮೇಲೆ ಕುಂಟೆಯ ದಂಡೆಯಲ್ಲಿ ಎಮ್ಮೆ ಕಟ್ಟಿದಳು. ಈಗ ಅವಳ ಹೊಟ್ಟೆಬಟ್ಟೆಯೆಲ್ಲ ಎರಡು ಎಮ್ಮೆಗಳ ಮೇಲೆ.

ಕರು ಸತ್ತ ಮೇಲೆ ಮೇಡಂ ಹಟ ಹಿಡಿದು ಮೋರಿಯ ಬಾಯಿಗೆ ಕಬ್ಬಿಣದ ಹಲಗೆ ಹಾಕಿಸಿದರು. ಮೋಡ ಕಂಡರೆ ಹಲಗೆ ಇಳಿಸಬೇಕು. ಮೊದಲ ಮಳೆಯ ನೀರು ಪಕ್ಕದ ಗುಂಡಿಯಲ್ಲಿ ನಿಲ್ಲಬೇಕು. ಅಲ್ಲಿಂದ ಪಂಪು ಅದನ್ನು ಶುದ್ಧೀಕರಣದ ಟ್ಯಾಂಕಿಗೆ ಎತ್ತುತ್ತದೆ. ಹಲಗೆಯ ಹೊಣೆ ನನ್ನದು.

“ಹಲಗೆ ಪೂರ್ತಿ ಇಳಿದಿತ್ತು ತಾನೇ?” ಮೇಡಂ ಕೇಳಿದರು.

“ಏನ್ ಕೇಳ್ತೀರಿ ಮೇಡಂ! ಹಲಗಿ ಗಡಗಡ ನಡಗಾಕತ್ತಿತ್ತು. ಬೆನ್ನ ಕೊಟ್ಟು ಕುಂತೆ. ಮಳಿನೇ ಸೋತು, ‘ಅಂಬಾದಾಸಪ್ಪಾ, ನಾ ಬೀದರಕ್ಕ ಹೋಗ್ತೀನಿ’ ಅಂತು.”

“ಬೀದರದಾಗ ಬಿಸಿಲ ಐತಂತೋ, ಈಗರ ನಮ್ಮವ್ವ ಫೋನ್ ಮಾಡಿದ್ಲು,” ಎಂದು ಪಂಪಿನ ಅಮರಯ್ಯ ಕಿಚಾಯಿಸಿದ. “ಮತ್ತ ನನ್ನ ಗುಂಡ್ಯಾಗ ನೀರ ಯಾಕ ಕಡಿಮಿ ಐತಿ?”

“ನನ್ನ ಮೈ ಬಿಸಿಗೆ ಆವಿ ಆಗೇತಿ.”

ಅಷ್ಟರಲ್ಲಿ ಗೇಟಿನ ಹೊರಗೆ ಸುಗಲಮ್ಮಕ್ಕ ಎಮ್ಮೆಗಳನ್ನು ಹಿಡಿದುಕೊಂಡು ಬಂದು ನಿಂತಳು.

“ತಮ್ಮಾ, ನಿನ್ನೆ ಸಂಜಿಂದ ಕಟ್ಟಿ ಹಾಕೀನಿ. ಒದರಾಕತ್ತಾವ. ಕುಂಟಿ ನೀರು ಕೆಮ್ಮಣ್ಣಾಗಿ ಕದಡೈತಿ, ಏನೂ ತಿಳೀವಲ್ದು. ಒಂದ ಹನಿನೂ ದಾಟಿಲ್ಲ ಅಂದಿಯಂತಲ್ಲ, ಖರೇನಾ? ನೀರಿಗೆ ಬಿಡ್ಲಾ?”

ರೂಢಿಬಿದ್ದ ನನ್ನ ತಲೆ ತಾನೇ ಹೌದೆಂದು ಆಡಿತು.

ಅವಳು ಎಮ್ಮೆಯ ಕುತ್ತಿಗೆ ತಟ್ಟಿದಳು. ಹೊರಡುವ ಮುನ್ನ ಸೆರಗಿನಿಂದ ಏನನ್ನೋ ತೆಗೆದು ಮೇಡಂ ಕೈಗಿಟ್ಟಳು. “ದಂಡಿಮ್ಯಾಗ ಸಿಕ್ತುರಿ. ನಿಮ್ಮ ಪೂಜಿ ಕಾಯಿ ಇರಬೇಕು. ದೇವರದು, ಕಾಲಾಗ ತುಳಿಬಾರ್ದು ಅಂತ ತಂದೆ.”

ತೆಂಗಿನಕಾಯಿಯ ಹೋಳು. ಒಳಗಿನ ಬಿಳಿ ತಿರುಳು ನೀಲಿಯಾಗಿತ್ತು.

ಮೇಡಂ ಹೋಳನ್ನು ನೋಡಿದರು, ಆಮೇಲೆ ನನ್ನನ್ನು. ಅಮರಯ್ಯನ ನಗು ನಿಂತಿತು. ಏನೂ ಅರಿಯದ ಸುಗಲಮ್ಮಕ್ಕ ಆಗಲೇ ಇಳಿಜಾರಿನತ್ತ ತಿರುಗಿದ್ದಳು. ನೀರಿನ ವಾಸನೆಗೆ ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು.

“ಬಿಡಬ್ಯಾಡ, ಅಕ್ಕಾ!”

ಓಡಿಹೋಗಿ ಹಗ್ಗ ಹಿಡಿದೆ.

“ಹಲಗಿ ಇಳಿಸಿದ್ದೆ ಅಕ್ಕಾ, ಅದು ಖರೇ. ಆದ್ರ ನಮ್ಮೂರಾಗ ಮಿರಗದ ಮೊದಲ ನೀರಿಗೆ ಯಾರೂ ಅಡ್ಡ ನಿಂದ್ರಂಗಿಲ್ಲ. ಕುಂಕುಮ ಹಚ್ಚಿ, ಕಾಯಿ ಒಡದು, ಕೆರಿಗೆ ಹಾದಿ ಬಿಡತೀವಿ. ನಮ್ಮಪ್ಪ ಬಿಟ್ಟಾನ, ಅವರಪ್ಪ ಬಿಟ್ಟಾನ. ತಡದ್ರ ಮನಿಗೆ ಕೇಡು ಅಂತಾರ. ಅಂಜಿಕಿ ಬಂತು. ಕಾಯಿ ಒಡದು ನಾನೇ ಹಲಗಿ ಎತ್ತಿದೆ. ಒಂದೀಟು ಬಿಟ್ಟು ಮುಚ್ಚಿದ್ರ ಆತು ಅಂದ್ಕೊಂಡೆ. ನೀರಿನ ರಭಸಕ್ಕ ಹಲಗಿ ಕೆಳಗ ಇಳೀಲಿಲ್ಲ. ಬೆನ್ನೂ ಕೊಟ್ಟೆ. ನನ್ನ ದಾಟಿ ಹೋತು.”

ಸುಗಲಮ್ಮಕ್ಕ ಬೈಯಲಿಲ್ಲ. ಎರಡೂ ಹಗ್ಗಗಳನ್ನು ಮುಂಗೈಗೆ ಸುತ್ತಿಕೊಂಡಳು.

“ಎಷ್ಟ ಹೋಗೇತಿ?”

ಒಂದಕ್ಕೆ ಹತ್ತು ಸೇರಿಸುವ ನನಗೆ ಅಂದು ಸೇರಿಸಲು ಏನೂ ಉಳಿದಿರಲಿಲ್ಲ.

“ಭಾಳ ಹೋಗೇತಿ, ಅಕ್ಕಾ.”