ಕಡಲೆಕಾಯಿ ಪುಡಿಯ ಡಬ್ಬಿ

ಬೆಳಗ್ಗೆ ಹತ್ತೂಕಾಲಿಗೆ ನರ್ಸಿಂಗ್ ವಿದ್ಯಾರ್ಥಿನಿಯರ ಹಾಸ್ಟೆಲಿನ ಅಡುಗೆಮನೆಯಲ್ಲಿ ಉಳಿದಿದ್ದ ತರಕಾರಿ ನಾಲ್ಕು ಈರುಳ್ಳಿ. ಲಾರಿ ಮುಷ್ಕರಕ್ಕೆ ಅಂದು ಎಂಟನೇ ದಿನ. ಊಟಕ್ಕೆ ನಲವತ್ತಾರು ಜನ.

ಉಗ್ರಾಣ ನೋಡಿಕೊಳ್ಳುವ ಹೆಂಗಸು ಒಂದೊಂದೇ ಡಬ್ಬಿ ತಂದು ಕಟ್ಟೆಯ ಮೇಲಿಟ್ಟಳು: ಒಣ ಬಟಾಣಿ, ಬೇಳೆ, ಹಾಲಿನ ಪುಡಿ, ಒಣ ಮೆಣಸಿನಕಾಯಿ. ಕೊನೆಯದು ಕಡಲೆಕಾಯಿ ಪುಡಿ.

"ಅಣ್ಣಾ, ಇದನ್ನೊಂಚೂರು ಮೂಸಿ ನೋಡಿ. ಬಂದು ಮೂರು ತಿಂಗಳಾಯ್ತು. ನಾಲ್ಕು ದಿನದಿಂದ ನೆಗಡಿ, ನನ್ನ ಮೂಗು ರಜಾ ಹಾಕಿದೆ."

"ರಜಾ ಚೀಟಿ ಕೊಟ್ಟಿದ್ಯಾ?" ಅಡುಗೆಯವರು ನಕ್ಕರು.

"ನಗಬೇಡಿ. ಹಿಟ್ಟಲ್ಲಿ ಹುಳ ಬಂದಾಗ ವಾರ್ಡನ್ ಮೇಡಂ ಏನಂದ್ರು? ಇನ್ನೊಂದು ಸಲ ಹೀಗಾದ್ರೆ ಸೀದಾ ಮನೆಗೆ ಅಂತ. ಸರಿಯಾಗಿ ನೋಡಿ."

ಅವರು ಡಬ್ಬಿಗೆ ಮುಖ ಬಗ್ಗಿಸಿದರು. ಇಪ್ಪತ್ತೆರಡು ವರ್ಷದಿಂದ ಈ ಅಡುಗೆಮನೆಯಲ್ಲಿ ಅವರ ಮೂಗಿನದೇ ಕಡೆಯ ಮಾತು. ಬಡಿಸುವ ಮೊದಲು ಅಡುಗೆಯವನು ಬಾಯಿಗೆ ಹಾಕಿಕೊಳ್ಳಬಾರದು ಎನ್ನುವವರ ಕೈಕೆಳಗೆ ಕೆಲಸ ಕಲಿತವರು. ಕುದಿಯುವ ಸಾರಿನ ಆವಿ ಮೂಸಿ ಉಪ್ಪು ಎಷ್ಟಿದೆಯೆಂದು ಹೇಳುತ್ತಿದ್ದರು. ಐದು ತಿಂಗಳ ಹಿಂದೆ ಬಂದ ಜ್ವರ ಬಿಡುವಾಗ ವಾಸನೆಯನ್ನೂ ತೆಗೆದುಕೊಂಡು ಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಉಪ್ಪನ್ನು ಅಳೆದು ಹಾಕತೊಡಗಿದ್ದರು. ಸೊಪ್ಪು, ತರಕಾರಿಯ ಹದವನ್ನು ಕಣ್ಣು, ಬೆರಳು ಹೇಳುತ್ತಿದ್ದವು. ಪುಡಿ ನೋಡಲು ಎಂದಿನಂತೆಯೇ ಇತ್ತು.

"ಚೆನ್ನಾಗೇ ಇದೆ, ತಾ."

ಬಟಾಣಿ ಬೇಯಿಸಿ, ಗಟ್ಟಿಯಾಗಲೆಂದು ಅಷ್ಟೂ ಪುಡಿಯನ್ನು ಸುರಿದರು.

ಒಂದು ಗಂಟೆಗೆ ಮೊದಲ ಪಂಕ್ತಿ ಕೂತಿತು. "ತಾತಾ, ಇವತ್ತು ಒಗ್ಗರಣೆಗೆ ಸೀಮೆಎಣ್ಣೆನಾ?" ಎಂದಳು ಒಬ್ಬಳು. "ಸುಮ್ನಿರೇ, ಬಣ್ಣ ಹೊಡೆಯೋರು ಬ್ರಷ್ ತೊಳೆದ ನೀರದು," ಎಂದಳು ಪಕ್ಕದವಳು. ಮೂವತ್ತೊಂಬತ್ತು ತಟ್ಟೆಗಳು ಹಾಗೇ ವಾಪಸ್ ಬಂದವು.

ವಾರ್ಡನ್ ಬಂದು ಪುಡಿಯ ಖಾಲಿ ಡಬ್ಬಿಯ ಮುಚ್ಚಳ ತೆಗೆದರು, ತಕ್ಷಣ ಮುಚ್ಚಿದರು.

"ಕಮಟು ಹಿಡಿದಿದೆ. ಯಾರು ಕೊಟ್ಟಿದ್ದು ಇದನ್ನ?"

"ನಾನೇ ಮೇಡಂ."

"ನೋಡದೇ ಕೊಟ್ರಾ?"

ಆಕೆ ಅಡುಗೆಯವರ ಕಡೆ ನೋಡಿದಳು. ವಾರ್ಡನ್ ಕೂಡ ನೋಡಿದರು.

"ಉಗ್ರಾಣದಿಂದ ಬಂದಿದ್ದನ್ನ ಹಾಕಿದೆ, ಮೇಡಂ," ಎಂದರು ಅವರು.

"ಸರಿ. ಹೋದ ಸಲವೇ ಹೇಳಿದ್ದೆ," ಎಂದು ವಾರ್ಡನ್ ಆಕೆಯತ್ತ ತಿರುಗಿದರು. "ನಾಳೆಯಿಂದ ಬರೋದು ಬೇಡ."

ವಾರ್ಡನ್ ಹೋದ ಮೇಲೂ ಆಕೆ ಅಲ್ಲೇ ನಿಂತಿದ್ದಳು. ಅಡುಗೆಯವರ ಬೆನ್ನ ಹಿಂದೆ, ಒಂದು ಮಾರು ದೂರದ ಒಲೆಯಲ್ಲಿ, ಹಾಲು ತಳ ಹಿಡಿದು ಹೊಗೆಯಾಡುತ್ತಿತ್ತು. ಆಕೆ ಹೋಗಿ ಒಲೆ ಆರಿಸಿದಳು.

"ಹಾಲು ಸೀದು ಕರಕಲಾಗಿದೆ. ನಿಮಗೆ ಗೊತ್ತೇ ಆಗಲಿಲ್ವಾ?"

ಅವರು ಸೌಟು ಒರೆಸುತ್ತಿದ್ದರು. ಆಕೆ ಅವರ ಮುಖವನ್ನೇ ನೋಡಿದಳು.

"ಎಷ್ಟು ದಿನ ಆಯ್ತು, ಅಣ್ಣಾ?"

"ಐದು ತಿಂಗಳು."

"ನನ್ನ ಹತ್ರ ಹೇಳಬಾರದಿತ್ತಾ? ದಿನಾ ನಾನೇ ಮೂಸಿ ಹೇಳ್ತಿದ್ದೆ. ಒಂದು ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ."

"ಈಗ್ಲೇ ಮೇಡಂ ಹತ್ರ ಹೋಗಿ ಹೇಳ್ತೀನಿ ಕಣಮ್ಮ."

"ಹೇಳಿ," ಎಂದಳು ಆಕೆ. ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ಮೂರು ಗಂಟೆಗೆ ಅವರು ಅಂಗಿ ಬದಲಿಸಿ ಆಫೀಸಿಗೆ ಹೋದರು. ವಾರ್ಡನ್ ಫೋನಿನಲ್ಲಿದ್ದರು, ನಿಲ್ಲುವಂತೆ ಕೈ ಮಾಡಿದರು. ಹೇಳಬೇಕಾದ ಮೊದಲ ಮಾತನ್ನು ಅಡುಗೆಯವರು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡರು.

"ಮುಷ್ಕರ ಮುಗೀತಂತೆ, ಬದುಕಿದ್ವಿ," ಎಂದು ವಾರ್ಡನ್ ಫೋನಿಟ್ಟರು. "ನೀವೊಬ್ಬರು ಇದ್ದಿದ್ದಕ್ಕೆ ಈ ಎಂಟು ದಿನ ದಾಟಿದ್ದು. ಏನು ಹೇಳಿ?"

"ಏನಿಲ್ಲ ಮೇಡಂ. ನಾಳೆಗೆ ತರಕಾರಿ ಎಷ್ಟು ಕಿಲೋ ಅಂತ ಕೇಳೋಕೆ ಬಂದೆ."

ಮರುದಿನ ಬೆಳಗ್ಗೆ ಆರಕ್ಕೆ ಲಾರಿ ಬಂತು. ಮೂರು ಮೂಟೆ ಕೋಸು, ಎರಡು ಬುಟ್ಟಿ ಟೊಮೆಟೊ, ಹನಿ ಆರದ ಸೊಪ್ಪು. ಇಳಿಸಿಕೊಂಡು ಸಹಿ ಹಾಕಲು ಉಗ್ರಾಣದಲ್ಲಿ ಯಾರೂ ಇರಲಿಲ್ಲ. ಅಡುಗೆಯವರೇ ಹಾಕಿದರು.