ಬೋಹುಸ್ಲಾವನ ಮಗ್ಗಿನಲ್ಲಿದ್ದದ್ದು

ಬಿಯರಿನಲ್ಲಿ ಏನೋ ಮೋಸ ನಡೆದಿದೆ ಎಂದು ಬೋಹುಸ್ಲಾವನಿಗೆ ಈಸ್ಟರ್ ಹಬ್ಬ ಕಳೆದಾಗಿನಿಂದಲೂ ಅನುಮಾನ. ಊರಿನ ಬಿಯರ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಹುಳಿ ಬರಿಸುವ ತೊಟ್ಟಿಗಳ ನಡುವೆಯೇ ತಲೆ ಹಣ್ಣು ಮಾಡಿಕೊಂಡವನು ಅವನು. ಅವನ ನಾಲಿಗೆ ಹೇಳಿದ್ದನ್ನು ಊರು ಎರಡು ಮಾತಿಲ್ಲದೆ ಒಪ್ಪುತ್ತಿತ್ತು. ಈಗ ನಾಲಿಗೆ ಒಂದು ಹೇಳಿದರೆ ಪಡಖಾನೆಯ ಜನ ಇನ್ನೊಂದು ಹೇಳುತ್ತಾರೆ. ಸುಳ್ಳು ಯಾರದು? ನಾಲಿಗೆಯೇ ಕೆಟ್ಟಿದ್ದರೆ ಈ ಮುದುಕನ ಹತ್ತಿರ ಇನ್ನೇನು ಉಳಿಯಿತು, ಹೇಳಿ!

"ಲೋ ವಿಲೇಮ್, ಇದರಲ್ಲಿ ಸತ್ವವೇ ಇಲ್ಲ ಕಣೋ. ಕಾರ್ಖಾನೆ ಕೊಂಡ ಹೊಸ ಮಾಲೀಕರು ನೀರು ಕುಡಿಸ್ತಿದಾರೆ," ಎಂದ.

ಎದುರಿಗೆ ಕೂತಿದ್ದ ವಿಲೇಮ್ ಮಾಂಸದಂಗಡಿಯವನು, ಬಾಲ್ಯದ ಗೆಳೆಯ. ತಟ್ಟೆಯಲ್ಲಿದ್ದ ಹುಳಿ ಸಾಸೇಜಿನಿಂದ ಕಣ್ಣೆತ್ತದೆ, "ಚೆನ್ನಾಗೇ ಇದೆಯಲ್ಲೋ. ನಿಂಗೆ ಅರಳು ಮರಳು," ಎಂದ. ಇವನಿಗೆ ಅಷ್ಟು ಬೇಗ ಉತ್ತರ ಹೇಗೆ ಸಿಕ್ಕಿತು ಎಂಬುದೂ ಬೋಹುಸ್ಲಾವನಿಗೆ ಅನುಮಾನ.

ಅವತ್ತು ಮಧ್ಯಾಹ್ನ ಕಿಟಕಿಯ ಬಳಿ ಗುರುತಿಲ್ಲದವನೊಬ್ಬ ಕೂತಿದ್ದ. ಗ್ಲಾಸನ್ನು ಬೆಳಕಿಗೆ ಹಿಡಿಯುತ್ತಾನೆ, ನೊರೆ ಮೂಸುತ್ತಾನೆ, ಗುಟುಕು ಕುಡಿದು ಕಣ್ಣು ಮುಚ್ಚುತ್ತಾನೆ. ಕಾರ್ಖಾನೆಯವರು ಬಿಟ್ಟ ಬೇಹುಗಾರನೇ ಇರಬೇಕು! ಬೋಹುಸ್ಲಾವ ಅವನನ್ನು ತನ್ನ ಮೇಜಿಗೇ ಕರೆದ.

"ಯಾವೂರು ಸ್ವಾಮಿ? ಯಾರು ಕಳಿಸಿದ್ದು?"

"ಓಸ್ಟ್ರಾವ. ಯಾರು ಕಳಿಸ್ತಾರೆ ನನ್ನ?" ಅವನು ನಕ್ಕ. ಹೆಸರು ರಾದೊವನ್, ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತನಾದವನು. ವಸಂತದಿಂದ ಊರೂರು ತಿರುಗಿ ಬಿಯರ್ ಕುಡಿಯುವುದೇ ಕೆಲಸವಂತೆ. "ಕಾಲ ಕೆಟ್ಟೋಯ್ತು ಯಜಮಾನ್ರೇ. ಹಳ್ಳಿಗಳಲ್ಲಿ ಪಡಖಾನೆಗಳು ಬಾಗಿಲು ಹಾಕ್ತಿವೆ, ಜನ ಡಬ್ಬಿ ಬಿಯರ್ ತಂದ್ಕೊಂಡು ಟೀವಿ ಮುಂದೆ ಕೂರ್ತಾರೆ. ಹುಡುಗರು ನಿಂಬೆರಸ ಬೆರೆಸ್ಕೊಂಡು ಕುಡೀತಾರೆ. ಒಂದೂರಲ್ಲಿ ಮಾವಿನಹಣ್ಣಿನ ಬಿಯರ್ ಕೊಟ್ರು!"

"ಥೂ!" ಬೋಹುಸ್ಲಾವನಿಗೆ ಅರ್ಧ ಅನುಮಾನ ಅಲ್ಲೇ ಇಳಿಯಿತು. "ಇಲ್ಲಿಯದು ಹೇಗಿದೆ? ನಿಜ ಹೇಳಿ."

"ನಾನು ಕುಡಿದದ್ದರಲ್ಲೆಲ್ಲ ಇದೇ ಮೇಲು."

ಹಾಗಾದರೆ ಕೆಟ್ಟಿರುವುದು ತನ್ನ ನಾಲಿಗೆಯೇ, ಅಂದುಕೊಂಡ ಮುದುಕ. ಆದರೂ ಸುಮ್ಮನಿರಲಾಗಲಿಲ್ಲ. ಹೆಂಡತಿ ಬದುಕಿದ್ದಾಗ ಅವಳಿಗೂ ಕೊಡದಿದ್ದ ತನ್ನ ಸ್ವಂತ ಮಗ್ಗನ್ನು ಆ ಅಪರಿಚಿತನ ಮುಂದೆ ತಳ್ಳಿದ. "ಇದನ್ನ ಕುಡಿದು ಹೇಳಿ."

ಪಡಖಾನೆಯ ಒಡತಿ ಲಿಬುಶೆ ಬಿಯರಿನ ನಲ್ಲಿ ಬಿಟ್ಟು ಓಡಿ ಬಂದಳು. "ಅಯ್ಯೋ ಬೋಹುಸ್ಲಾವಣ್ಣ, ನಿಮ್ಮ ಮಗ್ಗನ್ನ ಬೇರೆಯವರಿಗೆ ಕೊಡೋದಾ? ತಡೀರಿ, ಅವರಿಗೆ ಹೊಸದು ತರ್ತೀನಿ!"

ಅಷ್ಟರಲ್ಲಿ ರಾದೊವನ್ ಕುಡಿದಾಗಿತ್ತು. "ಇದೂ ಪರವಾಗಿಲ್ಲ. ಅಮಲಿಲ್ಲದ ಬಿಯರನ್ನ ಈಗ ಎಲ್ಲ ಕಡೆ ಚೆನ್ನಾಗೇ ಮಾಡ್ತಾರೆ. ನಮ್ಮ ಭಾವ ಕುಡಿಯೋದೂ ಇದನ್ನೇ, ಡಾಕ್ಟರು ಹೇಳಿದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಲರೂ ತಮ್ಮ ತಮ್ಮ ಗ್ಲಾಸು ನೋಡತೊಡಗಿದರು.

ಬೋಹುಸ್ಲಾವನಿಗೆ ಮೊದಲು ಬಂದದ್ದು ಸಂತೋಷ. ನಾಲಿಗೆ ಕೆಟ್ಟಿಲ್ಲ, ನಾಲಿಗೆ ಗೆದ್ದಿತು! ಆಮೇಲೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಕೂತವನು ಬಿಯರ್ ಕೇಳುವ ರೂಢಿಯಿಲ್ಲ. ಸಾಕು ಎನ್ನುವ ತನಕ ಖಾಲಿ ಮಗ್ಗು ಹೋಗುತ್ತದೆ, ತುಂಬಿದ ಮಗ್ಗು ಬರುತ್ತದೆ. ಯಾವ ನಲ್ಲಿಯಿಂದ ಬಂತು ಎಂದು ಕತ್ತು ತಿರುಗಿಸಿ ನೋಡುವುದು ಒಡತಿಗೆ ಅವಮಾನ. ಆ ಮರ್ಯಾದೆಯೇ ಅವನಿಗೆ ಮುಳುವಾಯಿತು.

"ಎಲ್ಲರೂ ಸೇರಿ ನನ್ನ ಕಿವಿ ಮೇಲೆ ಹೂವಿಟ್ಟಿರಾ? ನೀನೂನಾ ವಿಲೇಮ್?"

ವಿಲೇಮ್ ತಲೆ ತಗ್ಗಿಸಿದ. ಕೊನೆಗೆ ಲಿಬುಶೆಯೇ ಬಾಯಿಬಿಟ್ಟಳು. "ಈಸ್ಟರಿಗೆ ಬಂದಾಗ ನಿಮ್ಮ ಮಗಳು ಇಲ್ಲೇ ನಿಂತು ಅತ್ತಳಣ್ಣ. ನಿಮ್ಮ ಲಿವರ್ ಹೋಗಿದೆ, ಹೀಗೇ ಕುಡಿದ್ರೆ ವರ್ಷ ತುಂಬಲ್ಲ ಅಂದರಂತೆ ಡಾಕ್ಟರು. ಬಿಡಿ ಅಂದ್ರೆ ನೀವು ಬಿಡ್ತಿದ್ರಾ? ಇಲ್ಲಿಗೆ ಬರಬೇಡಿ ಅಂದ್ರೆ ಆ ಕೊರಗಿಗೇ ಸಾಯ್ತಿದ್ರಿ."

"ನನ್ನ ಸಾವು, ನನ್ನ ಮಗ್ಗು. ಈಗ ಅಸಲಿ ತಗೊಂಡು ಬಾ."

ಲಿಬುಶೆ ಸೆರಗಿಲ್ಲದ್ದಕ್ಕೆ ಏಪ್ರನ್ನಿನ ತುದಿಯಲ್ಲೇ ಕಣ್ಣೊರೆಸಿಕೊಂಡು ಹೋಗಿ, ಮಗ್ಗು ತುಂಬಿ ತಂದಿಟ್ಟಳು. ಈಗಲೂ ಅವನು ಕತ್ತು ತಿರುಗಿಸಿ ನೋಡಿರಲಿಲ್ಲ.

ಕುಡಿದ. ಕಹಿ ಇತ್ತು. ಸತ್ವ ಇದೆಯೋ? ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಇನ್ನೊಂದು ಗುಟುಕು ಕುಡಿದ. ಇಷ್ಟು ದಿನ ಸುಳ್ಳನ್ನೇ ಕುಡಿದ ನಾಲಿಗೆಗೆ ಈಗ ನಿಜ ಯಾವುದೆಂದು ತಿಳಿಯಲಿಲ್ಲ. ಭಯವಾಯಿತು ಅವನಿಗೆ, ಡಾಕ್ಟರ ಮಾತು ಕೇಳಿದಾಗಲೂ ಆಗದ ಭಯ. ನಾಚಿಕೆ ಬಿಟ್ಟು ಮಗ್ಗನ್ನು ಮತ್ತೆ ರಾದೊವನ್ ಕಡೆ ತಳ್ಳಿದ.

"ನೀವು ಹೊರಗಿನವರು. ನಿಮಗೆ ಸುಳ್ಳು ಹೇಳೋ ಕರ್ಮ ಇಲ್ಲ. ಇದು ಯಾವುದು?"

ರಾದೊವನ್ ಗುಟುಕು ಕುಡಿದ, ಬಾಯೊರೆಸಿಕೊಂಡ. ಉತ್ತರ ಹೇಳುವ ಮೊದಲು ಅವನ ಕಣ್ಣು ಲಿಬುಶೆಯ ಕಡೆ ಹೋದದ್ದನ್ನು ಬೋಹುಸ್ಲಾವ ನೋಡಿದ.

"ಅಸಲಿ, ಯಜಮಾನ್ರೇ."

"ಹೌದಾ," ಎಂದ ಬೋಹುಸ್ಲಾವ. ಮಗ್ಗನ್ನು ತನ್ನ ಕಡೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಕುಡಿದು ಮುಗಿಸಿದ.