ತೊಳೆದ ಇದ್ದಿಲು

೧
ಈ ಕಥೆಯನ್ನು ಬಸ್ಸಿನಿಂದ ಶುರು ಮಾಡಬೇಕೋ, ಅದರ ಬೆನ್ನಿಗೆ ಕಟ್ಟಿದ ಇದ್ದಿಲಿನ ಡ್ರಮ್ಮಿನಿಂದಲೋ? ಮೊದಲ ಡ್ರಾಫ್ಟನ್ನು ಇತಿಹಾಸದಿಂದ ಶುರು ಮಾಡಿದ್ದೆ. ಮೂರು ಪುಟವಾದರೂ ಬಸ್ಸು ಹೊರಡಲಿಲ್ಲ. ಹರಿದು ಹಾಕಿದೆ.

೨
೧೯೪೯, ಏಪ್ರಿಲ್. ಕಲ್ಯಾಣಿಯಿಂದ (ಈಗಿನ ಬಸವಕಲ್ಯಾಣ) ಹುಮನಾಬಾದಿಗೆ ಗಯಾಸುದ್ದೀನನ ಬಸ್ಸು. ಪೆಟ್ರೋಲ್ ಸಿಗುವುದಿಲ್ಲ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಇಂಜಿನ್ ಓಡಿಸುತ್ತಾನೆ. ಇವತ್ತು ಹನ್ನೆರಡಕ್ಕೆ ಹುಮನಾಬಾದಿನಲ್ಲಿ ಹೊಸ ಸಾಹೇಬರು ಬಸ್ಸು ನೋಡುತ್ತಾರೆ. ತಡವಾದರೆ ಪರ್ಮಿಟ್ ಬೇರೆಯವರಿಗೆ.

೩
ಯಾವುದು ಎಲ್ಲಿ ಉರಿಯಬೇಕು ಅನ್ನುವುದು ಅವನಿಗೆ ಬಾಯಿಪಾಠ. ಜಾಲಿ ಇದ್ದಿಲು ಬಸ್ಸಿಗೆ. ಹಿಪ್ಪೆ ಹೂವು ಭಟ್ಟಿಗೆ, ಕೊಳೆಸಿ ಇಳಿಸಿದರೆ ಸ್ಪಿರಿಟ್. ಹೊಂಗೆ ಬೀಜ ಗಾಣಕ್ಕೆ. ಎಣ್ಣೆ ಡೀಸೆಲ್ ಇಂಜಿನ್ನಿಗೂ ನಡೆದೀತು. ತೊಗರಿ ಕಟ್ಟಿಗೆ ಒಲೆಗೆ ಮಾತ್ರ: ಡ್ರಮ್ಮಿಗೆ ಹಾಕಿದರೆ ಅದರ ಡಾಂಬರು ವಾಲ್ವಿಗೆ ಹಿಡಿಯುತ್ತದೆ.

(ಇಲ್ಲಿ ಮನುಷ್ಯರ ಬಗ್ಗೆ ಒಂದು ಘನವಾದ ವಾಕ್ಯ ಬರೆದು ಹೊಡೆದು ಹಾಕಿದೆ. ಅವನು ಕಟ್ಟಿಗೆಯ ಬಗ್ಗೆ ಮಾತ್ರ ಹೇಳಿದ್ದು.)

೪
ರಾಜೇಶ್ವರದ ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಗಂಟೆ ಹನ್ನೊಂದು. ಗಯಾಸುದ್ದೀನ್ ಇಳಿದು ಇದ್ದಿಲಿನ ಚೀಲಕ್ಕೆ ಕೈ ಹಾಕಿದ. ಮೇಲೆ ಒಣಗಿತ್ತು, ಒಳಗೆಲ್ಲ ಒದ್ದೆ.

"ಇದಕ್ಕ ನೀರ ಯಾರು ಹೊಡದ್ರು?"

ಮುಂದಿನ ಸೀಟಿನಲ್ಲಿದ್ದ ಹೆಂಡತಿ ಅನ್ವರಿ ಮೆಲ್ಲಗೆ ಹೇಳಿದಳು. "ನಾನೇ ತೊಳದೀನಿ. ಸಾಹೇಬರು ಮುಟ್ಟಿ ನೋಡಿದ್ರ ಬಿಳಿ ಬಟ್ಟಿಗಿ ಕರಿ ಹತ್ತಬಾರದಂತ."

ಮೋರಖಂಡಿಯಲ್ಲಿ ಇದ್ದಿಲು ಸುಡುವ ಮಡೆಪ್ಪನೂ ಬಸ್ಸಿನಲ್ಲಿದ್ದ, ನಕ್ಕುಬಿಟ್ಟ. "ನಾ ಕೊಟ್ಟಾಗ ಖಡಕ್ ಒಣಗಿತ್ತ. ಸ್ನಾನ ಮಾಡಿಸೀರಿ, ಸುರ್ಮಾನೂ ಹಚ್ಚೀರೇನ ತಂಗಿ?"

"ನನ್ನ ತೊಗರಿ ಕಟಗಿ ಹೊರಿ ಬಸ್ಸಿನ ಮ್ಯಾಲ ಅದ," ಹಿಂದಿನ ಸೀಟಿನಿಂದ ಶೇವಂತಾಬಾಯಿ. "ಹಾಕ್ರಿ ಭಾಯಿ, ಭಕ್ಕನೆ ಹತ್ತತದ."

"ಇವತ್ತ ಏರತದ ಬಾಯಿ," ಅಂದ ಗಯಾಸುದ್ದೀನ್. "ನಾಳಿ ಇಂಜಿನ್ ಸಾಯತದ."

೫
ಎರಡು ಮುಕ್ತಾಯಗಳನ್ನು ಬರೆದು ಗಯಾಸುದ್ದೀನನಿಗೆ ಓದಿ ಹೇಳಿದೆ. ಕಟ್ಟಿಗೆ ಹಾಕಿದರೆ ಪರ್ಮಿಟ್ ಉಳಿಯುತ್ತದೆ, ಇಂಜಿನ್ ಹೋಗುತ್ತದೆ. ಇದ್ದಿಲು ಬಿಸಿಲಿಗೆ ಹರಡಿದರೆ ಇಂಜಿನ್ ಉಳಿಯುತ್ತದೆ, ಪರ್ಮಿಟ್ ಹೋಗುತ್ತದೆ.

"ಮೂರನೇದು ಇಲ್ಲೇನ್ರಿ?"

"ಇದೆ. ಜನ ಏರಿನ ತುದಿಯವರೆಗೆ ದಬ್ಬಿದರೆ ಮುಂದೆ ಇಳಿಜಾರು, ಬಸ್ಸು ತಾನೇ ಉರುಳುತ್ತದೆ. ಕೇಳಿ ನೋಡು."

"ದಬ್ಬಿದ್ರು ಅಂತ ನೀವೇ ಬರಕೋರಿ. ನಾ ಕೇಳಂಗಿಲ್ಲ."

ಯಾಕೆ ಅಂದೆ. ಚೀಲದ ಬಾಯಿ ಕಟ್ಟತೊಡಗಿದ. ನಿಜಾಮನ ಪರ ನಿಂತ ರಜಾಕಾರರ ಕಾಲ ಮುಗಿದು, ಅದರ ಸೇಡು ಹೋದ ಸೆಪ್ಟೆಂಬರಿನಲ್ಲಿ ಯಾರ್ಯಾರೋ ಮುಸ್ಲಿಮರ ಮನೆಗಳ ಮೇಲೆ ಬಿದ್ದ ಮೇಲೆ ಅವನು ಯಾರ ನೆರವನ್ನೂ ಕೇಳಿಲ್ಲ. ಆ ತಿಂಗಳನ್ನು ಬರೆಯಲು ನಾಲ್ಕು ಸಲ ಕೂತೆ. ನಾಲ್ಕೂ ಸಲ ಅವನು ಬಾಯಿ ಬಿಡಲಿಲ್ಲ.

೬
ಅನ್ವರಿ ಇಳಿದಳು. ನಾನು ಬರೆದಿರಲಿಲ್ಲ, ತಾನಾಗಿ ಇಳಿದಳು. ಹಿಂದೆ ಹೋಗಿ ಬಸ್ಸಿಗೆ ಎರಡೂ ಕೈ ಕೊಟ್ಟಳು.

"ತೊಳದಾಕಿ ನಾ. ದಬ್ಬಾಕಿನೂ ನಾನೇ."

ಗಯಾಸುದ್ದೀನ್ ಸೀಟಿಗೆ ಬಂದು ಬ್ರೇಕ್ ತುಳಿದು ಕೈಬ್ರೇಕ್ ಬಿಟ್ಟ. ಮೆಟ್ಟಿಲ ಹಲಗೆ ಕಿರುಗುಟ್ಟಿತು, ಒಬ್ಬೊಬ್ಬರೇ ಇಳಿಯುತ್ತಿದ್ದರು. ಇಳಿದವರು ಹಿಂದೆ ಹೋದರೋ, ನೆರಳು ಹುಡುಕಿಕೊಂಡರೋ ಅವನಿಗೆ ಕಾಣದು. ಪಕ್ಕದ ಕನ್ನಡಿ ಸೆಪ್ಟೆಂಬರಿನಲ್ಲೇ ಒಡೆದಿತ್ತು. ಬ್ರೇಕ್ ಬಿಟ್ಟಾಗ ಹಿಂದೆ ಅವಳೊಬ್ಬಳೇ ಇದ್ದರೆ ಬಸ್ಸು ಅವಳ ಮೇಲೇ ಇಳಿಯುತ್ತದೆ.

(ಓದುಗರೇ, ನಾನೂ ಇಳಿದಿದ್ದೇನೆ; ಡ್ರಮ್ಮಿನ ಕಾವು ಮುಖಕ್ಕೆ ಬಡಿಯುತ್ತಿದೆ.)

ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಅವನು ಕಿಟಕಿಯಿಂದ ತಲೆ ಹೊರಹಾಕಿದ. ಏಳು ತಿಂಗಳ ನಂತರ ಮೊದಲ ಸಲ ಕೇಳಿದ:

"ಹಿಂದ ಯಾರ್ಯಾರ ಅದೀರಿ?"